ಹೆಂಪ್ ಬಾಟಲಿ ಕೊಳ್ಳುವ ಮೊದಲು ಮೂಗಿಗೆ ಸ್ವಲ್ಪ ಕೆಲಸ ಕೊಡಿ

ಹೋದ ಬೇಸಿಗೆಯಲ್ಲಿ ನಮ್ಮ ಕಾಕಾ ಮೊಣಕಾಲು ನೋವಿಗೆ ಅಂತ ಆನ್‌ಲೈನ್‌ನಲ್ಲಿ ಒಂದು ಹೆಂಪ್ ಎಣ್ಣೆ (ಗಾಂಜಾ ಗಿಡದ್ದೇ ಅಮಲಿಲ್ಲದ ತಳಿಯದ್ದು) ತರಿಸಿದ್ದರು. 30 ಎಂ.ಎಲ್. ಬಾಟಲಿ, ಮೇಲೆ ದೊಡ್ಡದಾಗಿ 'ಟರ್ಪೀನ್ ರಿಚ್' ಅಂತ ಬರೆದಿತ್ತು. ಮುಚ್ಚಳ ತೆಗೆದು ಮೂಸಿದವರೇ, "ಏ ತಮ್ಮಾ, ಇದು ಅಗಸಿ ಎಣ್ಣಿ ವಾಸನಿ ಬರಲಾಕತ್ತದಲ್ಲೋ" ಅಂದರು. ಕಾಕಾಗೆ ಟರ್ಪೀನ್ ಅಂದರೇನು ಅಂತ ಗೊತ್ತಿಲ್ಲ. ಆದರೆ ಅವರ ಮೂಗು ಸರಿಯಾಗಿಯೇ ಹೇಳಿತ್ತು. ಅದು ಬೀಜ ಹಿಂಡಿ ತೆಗೆದ ಎಣ್ಣೆ, ಟರ್ಪೀನ್ ಇರುವುದು ಬೀಜದಲ್ಲಿ ಅಲ್ಲ.

ಅವತ್ತಿನಿಂದ ನಾನು ಇದರ ಬೆನ್ನು ಬಿದ್ದೆ. ಈಗ ಕಲಬುರಗಿಯಲ್ಲಿ ಪರಿಚಯದವರು ಸಿಕ್ಕರೆ ಸಾಕು, ಹೆಂಪ್ ಸೋಪು, ಹೆಂಪ್ ಎಣ್ಣೆ, ಹೆಂಪ್ ಗುಳಿಗೆ ಅಂತ ಫೋನಿನಲ್ಲಿ ಚಿತ್ರ ತೋರಿಸಿ "ಇದು ತಗೋಬಹುದೇನ್ರೀ?" ಅಂತ ಕೇಳುತ್ತಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳಿ ಸಾಕಾಗಿದೆ, ಅದಕ್ಕೇ ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ಔಷಧಿ ವಿಷಯ ಬಂದಾಗ ಅವರ ಹತ್ತಿರವೇ ಹೋಗಿ.

ಟರ್ಪೀನ್ ಅಂದರೆ ಗಿಡದ ವಾಸನೆಯ ಸಾಮಾನು, ಅಷ್ಟೇ. ಹೆಸರು ಬಂದಿದ್ದು ಟರ್ಪೆಂಟೈನ್‌ನಿಂದ, ಪೈನ್ ಮರದ ಅಂಟಿನಿಂದ ತೆಗೆಯುವ ಎಣ್ಣೆ ಅದು. ಐದೈದು ಕಾರ್ಬನ್ ಇರುವ ತುಂಡುಗಳನ್ನು ಗಿಡ ಜೋಡಿಸುತ್ತಾ ಹೋಗುತ್ತದೆ. ಎರಡು ತುಂಡು ಸೇರಿದರೆ 10 ಕಾರ್ಬನ್ನಿನ ಹಗುರ ಟರ್ಪೀನ್, ಮೂರು ಸೇರಿದರೆ 15 ಕಾರ್ಬನ್ನಿನ ಭಾರದ್ದು. ಈ ಹಗುರ-ಭಾರದ ವ್ಯತ್ಯಾಸ ತಿಳಿಯಬೇಕಾದರೆ ಖ್ವಾಜಾ ಬಂದೇ ನವಾಜ್ ದರ್ಗಾದ ಕಡೆ ಹೋದಾಗ ಒಂದು ಅತ್ತರ್ ಅಂಗಡಿ ಮುಂದೆ ನಿಂತು, ಒಂದು ಕೈಗೆ ನಿಂಬೆ ವಾಸನೆಯದ್ದು, ಇನ್ನೊಂದು ಕೈಗೆ ಶ್ರೀಗಂಧದ್ದು ಹಚ್ಚಿಸಿಕೊಳ್ಳಿ. ಮನೆ ಮುಟ್ಟುವಷ್ಟರಲ್ಲಿ ನಿಂಬೆ ಹೋಗಿರುತ್ತದೆ, ಗಂಧ ಮರುದಿನವೂ ಅಂಗಿ ತೋಳಿನಲ್ಲಿ ಕೂತಿರುತ್ತದೆ. ನಿಂಬೆಯದು 10, ಗಂಧದ್ದು 15.

ಮೊದಲನೆಯದು: ಯಾವ ಗಿಡ, ಗಿಡದ ಯಾವ ಭಾಗ

ಇದು ಸಣ್ಣ ವಿಷಯ ಅನ್ನಿಸಬಹುದು, ಆದರೆ ದುಡ್ಡು ಹೋಗುವುದು ಇಲ್ಲೇ.

ನಮ್ಮ ಪುಂಡಿಪಲ್ಯದ ಪುಂಡಿಗೆ ಇಂಗ್ಲಿಷ್‌ನಲ್ಲಿ 'ಡೆಕ್ಕನ್ ಹೆಂಪ್' ಅಂತಾರೆ ಅಂದರೆ ನಂಬುತ್ತೀರಾ? ಎಲೆ ಗಾಂಜಾ ಎಲೆಯ ಹಾಗೆ ಬೆರಳು ಬೆರಳಾಗಿ ಇರುತ್ತದೆ ಅಂತ ಅದರ ಶಾಸ್ತ್ರೀಯ ಹೆಸರೂ 'ಹಿಬಿಸ್ಕಸ್ ಕ್ಯಾನಬಿನಸ್'. ನಮ್ಮ ಸೆಣಬು ಇದೆಯಲ್ಲ, ಅದು 'ಸನ್ ಹೆಂಪ್'. ಇವೆರಡಕ್ಕೂ ಗಾಂಜಾ ಗಿಡಕ್ಕೂ ಯಾವ ನಂಟೂ ಇಲ್ಲ. ಪುಂಡಿ ದಾಸವಾಳದ ಕುಲ, ಸೆಣಬು ತೊಗರಿಯ ಕುಲ. ಹಾಗಾಗಿ ಬ್ಯಾಗು, ಹಗ್ಗ, ಬಟ್ಟೆ ಮೇಲೆ 'ಹೆಂಪ್' ಅಂತ ಬರೆದಿದ್ದರೆ ಅದು ಯಾವ ಹೆಂಪ್ ಅಂತ ಕೇಳಲೇಬೇಕು.

ನಾವು ಇಲ್ಲಿ ಮಾತಾಡುತ್ತಿರುವುದು ಕ್ಯಾನಬಿಸ್ (ಗಾಂಜಾ) ಗಿಡದ ಹೆಂಪ್ ಬಗ್ಗೆ, ಅಂದರೆ ಅಮಲು ತರುವ ಟಿಎಚ್‌ಸಿ ತೀರಾ ಕಮ್ಮಿ ಇರುವ ತಳಿ. ಉತ್ತರಾಖಂಡ ಸರ್ಕಾರ 2018ರಲ್ಲಿ ಇದನ್ನು ಬೆಳೆಯಲು ಲೈಸೆನ್ಸ್ ಕೊಟ್ಟಾಗ ಇಟ್ಟ ಮಿತಿ 0.3%. ನಮ್ಮ ಹೊಲದಲ್ಲಿ ನಾವೇ ಹಾಕಿಕೊಳ್ಳೋಣ ಅಂತ ಯಾರೂ ಹೊರಡಬೇಡಿ. 1985ರ ಎನ್‌ಡಿಪಿಎಸ್ (ಮಾದಕ ವಸ್ತು) ಕಾಯ್ದೆ ಹೂವು ಕಾಯಿ ಬಿಟ್ಟ ತುದಿಗೆ ಗಾಂಜಾ ಅಂತಲೂ, ಅಂಟಿಗೆ ಚರಸ್ ಅಂತಲೂ ಹೇಳುತ್ತದೆ, ಎರಡೂ ಅಪರಾಧ. 2020ರಲ್ಲಿ ಕಾಳಗಿ ತಾಲೂಕಿನ ಕುರಿದೊಡ್ಡಿಯೊಂದರ ನೆಲದಡಿ ಸಾವಿರ ಕಿಲೋ ಮೀರಿ ಗಾಂಜಾ ಸಿಕ್ಕಿದ್ದು ನಮ್ಮ ಕಡೆಯವರಿಗೆ ಇನ್ನೂ ನೆನಪಿದೆ, ಪೊಲೀಸರಿಗಂತೂ ಇದ್ದೇ ಇರುತ್ತದೆ.

ಈಗ ಭಾಗಕ್ಕೆ ಬನ್ನಿ. ಹೆಣ್ಣು ಹೂವಿನ ಸುತ್ತ, ಭೂತಗನ್ನಡಿಯಲ್ಲಿ ನೋಡಿದರೆ ಇಬ್ಬನಿ ಹನಿ ಹಾಗೆ ಕಾಣುವ ಸಣ್ಣ ಸಣ್ಣ ಅಂಟು ಗ್ರಂಥಿಗಳಿರುತ್ತವೆ. ಟರ್ಪೀನ್ ಹುಟ್ಟುವುದು ಅಲ್ಲಿ. ಟಿಎಚ್‌ಸಿಯೂ, ನೋವಿಗೆ ಅಂತ ಮಾರುವ ಅಮಲು ತರದ ಸಿಬಿಡಿಯೂ ಹುಟ್ಟುವುದು ಅಲ್ಲೇ. ಬೀಜದ ಒಳಗೆ ಈ ಗ್ರಂಥಿಗಳಿಲ್ಲ. ಬೀಜದಲ್ಲಿರುವುದು ಒಳ್ಳೆ ಎಣ್ಣೆ ಮತ್ತು ಪ್ರೋಟೀನು. ಅಗಸಿಯ ಹಾಗೆ ಒಮೆಗಾ-3 ಇದೆ, ಅದರ ಸುಮಾರು ಮೂರು ಪಟ್ಟು ಒಮೆಗಾ-6 ಇದೆ. ತಿನ್ನಲು ಚೆನ್ನ. ಟರ್ಪೀನ್ ಹುಡುಕಲು ಮಾತ್ರ ತಪ್ಪು ಜಾಗ.

ಆಹಾರ ಅಂತ ಅಂಗಡಿಯಲ್ಲಿ ಮಾರುವುದಕ್ಕೆ ಕೇಂದ್ರದ ಆಹಾರ ಸುರಕ್ಷತೆ ಸಂಸ್ಥೆ ಎಫ್‌ಎಸ್‌ಎಸ್‌ಎಐ 2021ರ ನವೆಂಬರ್‌ನಲ್ಲಿ ಒಪ್ಪಿದ್ದು ಮೂರನ್ನೇ: ಹೆಂಪ್ ಬೀಜ, ಬೀಜದ ಎಣ್ಣೆ, ಬೀಜದ ಹಿಟ್ಟು. ಟಿಎಚ್‌ಸಿ ಬೀಜದಲ್ಲಿ ಕಿಲೋಗೆ 5 ಮಿ.ಗ್ರಾಂ, ಎಣ್ಣೆಯಲ್ಲಿ 10 ಮಿ.ಗ್ರಾಂ ಮೀರುವ ಹಾಗಿಲ್ಲ. ಸಿಬಿಡಿ ಕಿಲೋಗೆ 75 ಮಿ.ಗ್ರಾಂ ಮೀರುವ ಹಾಗಿಲ್ಲ. ಕಾಕಾನ ಬಾಟಲಿಗೆ ಲೆಕ್ಕ ಹಾಕಿ ನೋಡಿ. 30 ಎಂ.ಎಲ್. ಎಣ್ಣೆ ಅಂದರೆ ಸುಮಾರು 27 ಗ್ರಾಂ. ಅದರಲ್ಲಿ ಸಿಬಿಡಿ ಇದ್ದರೂ ಹೆಚ್ಚೆಂದರೆ 2 ಮಿ.ಗ್ರಾಂ, ಅದೂ ಬಾಟಲಿ ಪೂರ್ತಿ ಕುಡಿದರೆ! ನೋವು ಹೋಗುತ್ತದೆ, ನಿದ್ದೆ ಬರುತ್ತದೆ ಅಂತೆಲ್ಲ ಬರೆದ ಬೀಜದ ಎಣ್ಣೆಯನ್ನು ಅಲ್ಲೇ ಬಿಟ್ಟು ಬನ್ನಿ.

ಹೂವು, ಎಲೆಯ ಸಾರ ಇರುವ ಎಣ್ಣೆಗಳು ಬರುವುದು ಆಯುರ್ವೇದ ಔಷಧಿಯ ದಾರಿಯಲ್ಲಿ, 'ವಿಜಯಾ' ಅನ್ನುವ ಹೆಸರಿನಲ್ಲಿ. ವಾಸನೆಯ ಮಾತಿಗೆ ಅರ್ಥ ಬರುವುದು ಇವುಗಳ ವಿಷಯದಲ್ಲಿ ಮಾತ್ರ.

ಎರಡನೆಯದು: ಅಡುಗೆಮನೆಯಲ್ಲಿ ಮೂಗು ಪಳಗಿಸಿ

ನನಗೆ ತುಂಬಾ ಇಷ್ಟವಾದ ಭಾಗ ಇದು, ಖರ್ಚೂ ಇಲ್ಲ. ಹೆಂಪ್‌ನಲ್ಲಿರುವ ಮುಖ್ಯ ಟರ್ಪೀನ್‌ಗಳೆಲ್ಲ ನಮ್ಮ ಮಸಾಲೆ ಡಬ್ಬಿಯಲ್ಲೇ ಇವೆ. ಗಿಡ ಯಾವುದಾದರೇನು, ಲಿನಲೂಲ್ ಅನ್ನುವ ಟರ್ಪೀನ್ ಅಂದರೆ ಲಿನಲೂಲೇ. ಐದು ಸಣ್ಣ ಬಟ್ಟಲು ತಗೊಳ್ಳಿ, ಬೆಳಿಗ್ಗೆ ಒಲೆ ಹಚ್ಚುವ ಮೊದಲೇ ಕೂತುಕೊಳ್ಳಿ. ಒಗ್ಗರಣೆ ಬಿದ್ದ ಮೇಲೆ ಮೂಗು ಕೆಲಸಕ್ಕೆ ಬರುವುದಿಲ್ಲ.

ಮೊದಲ ಬಟ್ಟಲಿಗೆ ಕೊತ್ತಂಬರಿ ಕಾಳು, ಅಂಗೈಯಲ್ಲಿ ಒರೆಸಿ ಒಡೆದದ್ದು. ಸೊಪ್ಪು ಬೇಡ, ಅದರ ವಾಸನೆಯೇ ಬೇರೆ. ಕಾಳಿನಿಂದ ಬರುವ ಆ ಸಿಹಿಸಿಹಿ, ಹೂವಿನ ಹಾಗಿರುವ ವಾಸನೆ ಲಿನಲೂಲ್‌ನದು. ಕೊತ್ತಂಬರಿ ಕಾಳಿನ ಸುಗಂಧ ಎಣ್ಣೆಯಲ್ಲಿ ಸುಮಾರು ಮೂರರಲ್ಲಿ ಎರಡು ಭಾಗ ಅದೇ ಇರುತ್ತದೆ. ಲ್ಯಾವೆಂಡರ್ ಹೂವಿನಲ್ಲೂ ಇದೇ ಇರುವುದು. ಆದರೆ ಲ್ಯಾವೆಂಡರ್ ಅಂದರೆ ಸಾವಿರ ರೂಪಾಯಿ, ಕೊತ್ತಂಬರಿ ಅಂದರೆ ಹತ್ತು ರೂಪಾಯಿ ಪೊಟ್ಟಣ.

ಎರಡನೆಯದಕ್ಕೆ ಕರಿಮೆಣಸು, ಜಜ್ಜಿದ್ದು. ಮೂಗಿಗೆ ಚುರ್ ಅನ್ನುವ ಖಾರ ಬಿಟ್ಟು ಅದರ ಹಿಂದೆ ಒಣ ಕಟ್ಟಿಗೆಯ ಹಾಗೆ ಒಂದು ವಾಸನೆ ಇರುತ್ತದೆ, ಅದನ್ನು ಹಿಡಿಯಿರಿ. ಅದು ಕ್ಯಾರಿಯೋಫಿಲೀನ್, ಭಾರದ್ದು, 15 ಕಾರ್ಬನ್. ಲವಂಗದಲ್ಲೂ ಇದೆ, ಆದರೆ ಅಲ್ಲಿ ಯೂಜಿನಾಲ್‌ನ ಅಬ್ಬರದಲ್ಲಿ ಇದು ಕೇಳಿಸುವುದಿಲ್ಲ. ಪೊಲೀಸ್ ನಾಯಿಗಳು ಗಾಂಜಾ ಹುಡುಕುವಾಗ ಹಿಡಿಯುವುದು ಇದರ ಅಣ್ಣತಮ್ಮನನ್ನೇ, ಕ್ಯಾರಿಯೋಫಿಲೀನ್ ಗಾಳಿಗೆ ತೆರೆದುಕೊಂಡಾಗ ಆಗುವ ಆಕ್ಸೈಡನ್ನು.

ಮೂರನೆಯದು ಮೋಸಂಬಿ ಇಲ್ಲವೇ ಕಿತ್ತಳೆ ಸಿಪ್ಪೆ. ಮಡಚಿ ಹಿಂಡಿದರೆ ಚಿಮ್ಮುವ ಹನಿ ಬಹುಪಾಲು ಲಿಮೊನೀನ್. ಇದಕ್ಕೆ ವಿವರಣೆ ಬೇಕಿಲ್ಲ.

ನಾಲ್ಕನೆಯದಕ್ಕೆ ಪೈನ್ ಮರದ ಟರ್ಪೆಂಟೈನ್‌ನಲ್ಲಿ ಅದ್ದಿದ ಒಂದು ಚೂರು ಹತ್ತಿ. ಇದು ಪೈನೀನ್. ದೂರದಿಂದ ಮೂಸಿ, ಮುಚ್ಚಿಡಿ, ಮಕ್ಕಳ ಕೈಗೆ ಸಿಗಬಾರದು.

ಐದನೆಯದು ಮಿರ್ಸೀನ್, ಇದೇ ಸ್ವಲ್ಪ ಕಷ್ಟ. ತೊಟ್ಟು ಮುರಿದ ಮಾವಿನಕಾಯಿಯ ಸೊನೆ ಹತ್ತಿರದ ಉದಾಹರಣೆ. ಎಲ್ಲಾ ತಳಿಯಲ್ಲೂ ಒಂದೇ ಥರ ಇರುವುದಿಲ್ಲ, ಆದರೆ ಆ ಹಸಿ, ಮಣ್ಣುಮಣ್ಣಾದ, ಸ್ವಲ್ಪ ಕೊಳೆತ ಹಣ್ಣಿನ ಹಾಗಿರುವ ವಾಸನೆ ಸಿಕ್ಕರೆ ಅದೇ. ಸೊನೆ ಚರ್ಮಕ್ಕೆ ತಾಗಿಸಿಕೊಳ್ಳಬೇಡಿ, ಸುಡುತ್ತದೆ.

ಒಂದು ವಾರ ದಿನಕ್ಕೆ ಐದು ನಿಮಿಷ ಸಾಕು. ಆಮೇಲೆ ಕಣ್ಣು ಮುಚ್ಚಿಕೊಂಡು ಮನೆಯವರಿಂದ ಬಟ್ಟಲು ಅದಲುಬದಲು ಮಾಡಿಸಿ. ನಮ್ಮ ಅವ್ವ ಮೊದಲ ದಿನವೇ ಐದಕ್ಕೆ ಐದೂ ಹೇಳಿಬಿಟ್ಟಳು, ನನಗೆ ನಾಲ್ಕು ದಿನ ಬೇಕಾಯಿತು. ಐವತ್ತು ವರ್ಷ ಮಸಾಲೆ ಕುಟ್ಟಿದ ಕೈ ಅದು, ಸುಮ್ನೆನಾ?

ಇದಾದ ಮೇಲೆ ಹೆಂಪ್ ಸಾರದ ಎಣ್ಣೆ ಎದುರಿಗೆ ಬಂದರೆ ಅರ್ಧ ವಿಷಯ ನಿಮಗೇ ಗೊತ್ತಾಗುತ್ತದೆ. ನಿಜವಾದ ಹೂವಿನ ಸಾರದ ವಾಸನೆ ಕಲಸುಮೇಲೋಗರವಾಗಿರುತ್ತದೆ, ಒಂದೊಂದಾಗಿ ಹೊರಬರುತ್ತದೆ. ಮೊದಲು ಸಿಪ್ಪೆ, ಆಮೇಲೆ ಮೆಣಸು, ಕೊನೆಗೆ ಹಸಿಹುಲ್ಲು ಅನ್ನುವ ಹಾಗೆ. ಬರೀ ಕಿತ್ತಳೆ ಪೆಪ್ಪರ್‌ಮಿಂಟ್ ಹಾಗೆ ಒಂದೇ ವಾಸನೆ ಮುಖಕ್ಕೆ ಹೊಡೆದರೆ, ಬೇರೆ ಗಿಡದ ಟರ್ಪೀನ್ ಮೇಲಿಂದ ಸುರಿದಿರಬಹುದು. ಅದು ವಿಷವೇನಲ್ಲ. ಆದರೆ ಗಿಡದ್ದೇ ಅಂತ ಹೇಳಿ ಅದರ ರೇಟು ಹಚ್ಚಿದರೆ ಮೋಸ ಅಲ್ವಾ?

ಮೂರನೆಯದು: ವಾಸನೆ ಮೈಗೆ ಏನು ಮಾಡುತ್ತದೆ, ಎಷ್ಟು ನಂಬಬೇಕು

ಕಥೆ ಶುರುವಾಗಿದ್ದು ಇಸ್ರೇಲ್‌ನಲ್ಲಿ. ರಾಫೆಲ್ ಮೆಶುಲಾಮ್ ಮತ್ತು ಯೆಹಿಯೆಲ್ ಗಾವೊನಿ 1964ರಲ್ಲಿ ಟಿಎಚ್‌ಸಿಯನ್ನು ಬೇರ್ಪಡಿಸಿ ಅದರ ರಚನೆ ತೋರಿಸಿದರು. 1992ರಲ್ಲಿ ಮೆಶುಲಾಮ್ ತಂಡಕ್ಕೆ ನಮ್ಮ ಮೈಯಲ್ಲೇ ಹುಟ್ಟುವ, ಟಿಎಚ್‌ಸಿ ಕೂರುವ ಬೀಗಕ್ಕೇ ಕೂರುವ ಒಂದು ಕೀಲಿ ಸಿಕ್ಕಿತು. ಅದಕ್ಕೆ ಅವರು ಇಟ್ಟ ಹೆಸರು 'ಆನಂದಮೈಡ್', ನಮ್ಮ 'ಆನಂದ'ದಿಂದಲೇ. 1998ರಲ್ಲಿ 'ಆಂಟೂರಾಜ್ ಎಫೆಕ್ಟ್' ಅನ್ನುವ ಮಾತು ಬಂತು, ಅಂದರೆ ಜೊತೆಗಿರುವ ಪದಾರ್ಥಗಳಿಂದ ಒಂದರ ಬಲ ಹೆಚ್ಚುವುದು. ಮದುಮಗ ಒಬ್ಬನೇ ಬಂದರೆ ಒಂದು ಥರ, ದಿಬ್ಬಣದ ಜೊತೆ ಬಂದರೆ ಇನ್ನೊಂದು ಥರ, ಹಾಗೆ ಅಂದುಕೊಳ್ಳಿ. ಆ ಮಾತು ಹುಟ್ಟಿದ್ದು ಮೈಯೊಳಗಿನ ಪದಾರ್ಥಗಳ ಬಗ್ಗೆ. ಗಿಡದ ಟರ್ಪೀನ್‌ಗಳಿಗೆ ಅದನ್ನು ವಿಸ್ತರಿಸಿ 2011ರಲ್ಲಿ ಈಥನ್ ರುಸ್ಸೊ ಬರೆದ ಲೇಖನ ದೊಡ್ಡ ಹೆಸರು ಮಾಡಿತು. ಮಾರುವವರು ಅದನ್ನೇ ಹಿಡಿದುಕೊಂಡರು.

ಪ್ರಯೋಗಗಳು ಹೇಳುವುದು ಅಷ್ಟು ಜೋರಾಗಿಲ್ಲ. ಕ್ಯಾರಿಯೋಫಿಲೀನ್ ನೇರವಾಗಿ ಸಿಬಿ2 ಅನ್ನುವ ಗ್ರಾಹಿಗೆ, ಅಂದರೆ ಅಂಥದೇ ಇನ್ನೊಂದು ಬೀಗಕ್ಕೆ, ಅಂಟಿಕೊಳ್ಳುತ್ತದೆ, ಇದು 2008ರಲ್ಲೇ ಗೊತ್ತಾಗಿದೆ. ಆ ಗ್ರಾಹಿ ಹೆಚ್ಚಾಗಿ ರೋಗನಿರೋಧಕ ಕಣಗಳ ಮೇಲಿರುತ್ತದೆ, ಅದಕ್ಕೇ ಮೆಣಸಿನ ಸಾರು ಎಷ್ಟು ಕುಡಿದರೂ ಅಮಲು ಬರುವುದಿಲ್ಲ. ಲಿನಲೂಲ್ ಬಗ್ಗೆ ಜಪಾನಿನ ಕಾಗೋಶಿಮಾ ವಿಶ್ವವಿದ್ಯಾಲಯದವರು 2018ರಲ್ಲಿ ಇಲಿಗಳ ಮೇಲೆ ಮಾಡಿದ ಕೆಲಸ ನನಗೆ ತುಂಬಾ ಹಿಡಿಸಿತು. ಲಿನಲೂಲ್ ಆವಿ ಮೂಸಿದ ಇಲಿಗಳ ಆತಂಕ ಕಮ್ಮಿಯಾಯಿತು, ಆದರೆ ವಾಸನೆ ಗೊತ್ತಾಗದ ಇಲಿಗಳಲ್ಲಿ ಏನೂ ಆಗಲಿಲ್ಲ. ಅಂದರೆ ಅಲ್ಲಿ ಕೆಲಸ ನಡೆದದ್ದು ಮೂಗಿನ ದಾರಿಯಲ್ಲಿ. ಗುಳಿಗೆಯೊಳಗೆ ತುಂಬಿ ನುಂಗಿದರೆ ಅದೇ ಆಗುತ್ತದೆ ಅಂತ ಹೇಳಲು ಬರುವುದಿಲ್ಲ.

ಮನುಷ್ಯರ ಮೇಲೆ ಆದದ್ದರಲ್ಲಿ 2024ರ ಜಾನ್ಸ್ ಹಾಪ್ಕಿನ್ಸ್ ಪ್ರಯೋಗ ನೋಡಿ. 20 ಜನರಿಗೆ ಟಿಎಚ್‌ಸಿ ಜೊತೆ ಲಿಮೊನೀನ್ ಆವಿ ಕೊಟ್ಟರು. 30 ಮಿ.ಗ್ರಾಂ ಟಿಎಚ್‌ಸಿಗೆ 15 ಮಿ.ಗ್ರಾಂ ಲಿಮೊನೀನ್ ಸೇರಿದಾಗ ಗಾಬರಿ, ಆತಂಕ ಗೊತ್ತಾಗುವಷ್ಟು ಕಮ್ಮಿ ಆಯಿತು. ಬರೀ ಲಿಮೊನೀನ್ ಕೊಟ್ಟಾಗ ಏನೂ ವಿಶೇಷವಿಲ್ಲ. ಇಷ್ಟೇ ಮಂದಿ ಅಂತ ನೆನಪಿರಲಿ.

ಮಿರ್ಸೀನ್ ತೂಕಡಿಕೆ ತರುತ್ತದೆ ಅನ್ನುವ ಮಾತಿಗೆ ಇರುವ ಆಧಾರ ಇಲಿಗಳದ್ದು, ಅದೂ ದೊಡ್ಡ ಡೋಸಿನಲ್ಲಿ. ಮಿರ್ಸೀನ್ ಅರ್ಧ ಪರ್ಸೆಂಟ್ ದಾಟಿದರೆ 'ಇಂಡಿಕಾ', ಕಮ್ಮಿ ಇದ್ದರೆ 'ಸಟೈವಾ' ಅಂತ ಕೆಲವರು ಗಾಂಜಾ ತಳಿಗಳನ್ನು ಹಂಚುತ್ತಾರಲ್ಲ, ಅದಕ್ಕೆ ಹಿಂದುಮುಂದಿಲ್ಲ. ಮಾವಿನಹಣ್ಣು ತಿಂದು ಗಾಂಜಾ ತಗೊಂಡರೆ ಅಮಲು ಜಾಸ್ತಿ ಏರುತ್ತದೆ ಅನ್ನುವುದೂ ಕಟ್ಟೆ ಮಾತು.

ನಾಲ್ಕನೆಯದು: ಲ್ಯಾಬ್ ರಿಪೋರ್ಟ್ ಕೇಳಿ, ಬಾಯಿಲೆಕ್ಕ ಹಾಕಿ

ಒಳ್ಳೆ ಕಂಪನಿಗಳು ಬ್ಯಾಚ್‌ವಾರು ಲ್ಯಾಬ್ ರಿಪೋರ್ಟ್ ಇಟ್ಟಿರುತ್ತವೆ. ಬಾಟಲಿ ಮೇಲಿನ ಬ್ಯಾಚ್ ನಂಬರ್ ಮತ್ತು ರಿಪೋರ್ಟಿನದು ಒಂದೇ ಇರಬೇಕು. ತಾರೀಕು ನೋಡಿ. ಟಿಎಚ್‌ಸಿ, ಸಿಬಿಡಿ ಬೇರೆ ಬೇರೆ ಸಾಲಿನಲ್ಲಿರಬೇಕು, ಟರ್ಪೀನ್‌ಗೆ ಅದರದೇ ಪಟ್ಟಿ ಇರಬೇಕು. ಪಟ್ಟಿ ಇಲ್ಲದೆ 'ಟರ್ಪೀನ್ ರಿಚ್' ಅಂದರೆ ಅದು ಬರೀ ಅಕ್ಷರ. ನಾನು ಕಾಕಾನ ಬಾಟಲಿಯವರಿಗೆ ಮೇಲ್ ಹಾಕಿ ಕೇಳಿದೆ, ಅವರು ಕಳಿಸಿದ್ದು ಬೇರೆ ಬ್ಯಾಚಿನದು, ಅದರಲ್ಲಿ ಟರ್ಪೀನ್ ಅನ್ನುವ ಪದವೇ ಇರಲಿಲ್ಲ. ಮತ್ತೆ ಕೇಳಿದ್ದಕ್ಕೆ ಉತ್ತರ ಬರಲಿಲ್ಲ.

'ಫುಲ್ ಸ್ಪೆಕ್ಟ್ರಮ್' ಅಂದರೆ ಗಿಡದಿಂದ ಬಂದ ಎಲ್ಲವೂ ಇದೆ ಅಂತ, ಟಿಎಚ್‌ಸಿ ಕೂಡ. 'ಬ್ರಾಡ್' ಅಂದರೆ ಟಿಎಚ್‌ಸಿ ತೆಗೆದದ್ದು. 'ಐಸೊಲೇಟ್' ಅಂದರೆ ಒಂದೇ ಪದಾರ್ಥ, ವಾಸನೆ ಇರಬಾರದು, ಇದ್ದರೆ ಸೇರಿಸಿದ್ದಾರೆ.

ಲೆಕ್ಕ ಸುಲಭ. 1% ಅಂದರೆ ಒಂದು ಗ್ರಾಂಗೆ 10 ಮಿ.ಗ್ರಾಂ. ಒಂದು ಎಣ್ಣೆಯಲ್ಲಿ ಒಟ್ಟು ಟರ್ಪೀನ್ 0.5% ಅಂತಿಟ್ಟುಕೊಳ್ಳಿ. ನೀವು ಅರ್ಧ ಎಂ.ಎಲ್. ತಗೊಂಡರೆ ಸಿಗುವುದು ಎಲ್ಲಾ ಟರ್ಪೀನ್ ಸೇರಿ ಸುಮಾರು 2.3 ಮಿ.ಗ್ರಾಂ. ಆ ಪ್ರಯೋಗದಲ್ಲಿ ಕೊಟ್ಟ 15 ಮಿ.ಗ್ರಾಂ ಎಲ್ಲಿ, ಇದು ಎಲ್ಲಿ? ಇನ್ನೊಂದು ತಮಾಷೆ ಲೆಕ್ಕ. ಒಂದು ದೊಡ್ಡ ಚಮಚ ಕೊತ್ತಂಬರಿ ಪುಡಿ ಸುಮಾರು 5 ಗ್ರಾಂ, ಅದರಲ್ಲಿ ಸುಗಂಧ ಎಣ್ಣೆ ಸಾವಿರಕ್ಕೆ ಮೂರು ಭಾಗ ಅಂತ ಕಮ್ಮಿಯೇ ಹಿಡಿದರೂ ಲಿನಲೂಲ್ 10 ಮಿ.ಗ್ರಾಂ ಬರುತ್ತದೆ. ದಿನಾ ಸಾರು ಉಣ್ಣುವವರು ಲಿನಲೂಲ್‌ಗೆ ಅಂತ ಬೇರೆ ದುಡ್ಡು ಕೊಡುವ ಅಗತ್ಯ ನನಗಂತೂ ಕಾಣುವುದಿಲ್ಲ.

ಐದನೆಯದು: ನಮ್ಮ ಬಿಸಿಲು

ಕರ್ಪೂರವೂ ಟರ್ಪೀನ್ ಮನೆತನದ್ದೇ. ದೇವರ ಕೋಣೆಯಲ್ಲಿ ಡಬ್ಬಿ ಮುಚ್ಚಳ ಹಾಕಲು ಮರೆತರೆ ವಾರದಲ್ಲಿ ಗುಳಿಗೆ ಸಣ್ಣಗಾಗಿರುತ್ತದೆ ಅಲ್ವಾ. ಹೆಂಪ್‌ನ ಹಗುರ ಟರ್ಪೀನ್‌ಗಳ ಕಥೆಯೂ ಅದೇ. ಹೂವು ಒಣಗಿಸಿಟ್ಟು ಅಳೆದವರು 1996ರಲ್ಲೇ ಬರೆದಿದ್ದಾರೆ: ಒಂದು ವಾರಕ್ಕೆ ಸುಗಂಧ ಎಣ್ಣೆಯ ಸುಮಾರು 31%, ತಿಂಗಳಿಗೆ 45%, ಮೂರು ತಿಂಗಳಿಗೆ 55% ಹೋಗಿತ್ತು. ಅದು ಸಾಧಾರಣ ಕೋಣೆಯ ಲೆಕ್ಕ. ಕಲಬುರಗಿ, ಯಾದಗಿರಿಯ ಮೇ ತಿಂಗಳು ಅಂದರೆ 42, 43 ಡಿಗ್ರಿ, ಕೊರಿಯರ್ ಹುಡುಗನ ಬ್ಯಾಗಿನೊಳಗೆ ಇನ್ನೂ ಜಾಸ್ತಿ. ಮೊದಲು ಹೋಗುವುದು ಪೈನೀನ್, ಮಿರ್ಸೀನ್, ಲಿಮೊನೀನ್. ಕೊನೆಗೆ ಉಳಿಯುವುದು ಮೆಣಸಿನ ಕ್ಯಾರಿಯೋಫಿಲೀನ್. ರಿಪೋರ್ಟಿನಲ್ಲಿ ಲಿಮೊನೀನ್ ಮುಂದಿದ್ದು ನಿಮ್ಮ ಮೂಗಿಗೆ ಬರೀ ಮೆಣಸು ಬಂದರೆ, ಬಾಟಲಿ ದಾರಿಯಲ್ಲಿ ಬೆಂದಿದೆ.

ಹಾಗಾಗಿ ದೀಪಾವಳಿಯಿಂದ ಶಿವರಾತ್ರಿಯ ಒಳಗೆ ತರಿಸಿ. ಸಣ್ಣ ಬಾಟಲಿ ತಗೊಳ್ಳಿ. ಕಪ್ಪು ಅಥವಾ ಕಂದು ಗಾಜಿನದಿರಲಿ, ಫ್ರಿಜ್ಜಿನಲ್ಲಿಡಿ, ಉಪಯೋಗಿಸಿದ ತಕ್ಷಣ ಮುಚ್ಚಿ. ಬೀಜದ ಎಣ್ಣೆಗೂ ಇದೇ ಮಾತು. ಅದರಲ್ಲಿ ಬಜ್ಜಿ ಕರಿಯಬೇಡಿ, ಬೇಗ ಹೊಗೆ ಬಂದು ಕಹಿಯಾಗುತ್ತದೆ. ಹಳೇ ವಾರ್ನಿಷ್ ಹಾಗೆ ವಾಸನೆ ಬಂದರೆ ಮುಲಾಜಿಲ್ಲದೆ ಚೆಲ್ಲಿ.

ಆರನೆಯದು: ಮೈಗೆ ಹಚ್ಚುವಾಗ, ಬಾಯಿಗೆ ಹಾಕುವಾಗ

ಹಳೆಯದಾದ ಲಿಮೊನೀನ್, ಲಿನಲೂಲ್ ಗಾಳಿ ಸೇರಿ ಕೆಟ್ಟರೆ ಚರ್ಮಕ್ಕೆ ಅಲರ್ಜಿ ಮಾಡುತ್ತವೆ. ಯುರೋಪಿನಲ್ಲಿ ಕ್ರೀಮಿನೊಳಗೆ ಇವು 0.001% ದಾಟಿದರೂ ಲೇಬಲ್ಲಿನಲ್ಲಿ ಹೆಸರು ಬರೆಯಬೇಕು. ಮೊಣಕೈ ಒಳಗೆ ಒಂದು ಹನಿ ಹಚ್ಚಿ ಎರಡು ದಿನ ಕಾಯಿರಿ, ಕೆಂಪಾದರೆ ಬಿಟ್ಟುಬಿಡಿ.

ವಿಜಯಾ ಇರುವ ಔಷಧಿ ಆಯುರ್ವೇದ ವೈದ್ಯರು ಬರೆದುಕೊಟ್ಟರೆ ಮಾತ್ರ. ಡ್ರಗ್ಸ್ ಅಂಡ್ ಕಾಸ್ಮೆಟಿಕ್ಸ್ ನಿಯಮದಲ್ಲೇ ಇದು ವೈದ್ಯರ ಕಣ್ಗಾವಲಿನಲ್ಲಿ ತಗೊಳ್ಳಬೇಕಾದ ಪಟ್ಟಿಯಲ್ಲಿದೆ. ಬಿ.ಪಿ., ಶುಗರ್, ಫಿಟ್ಸ್, ರಕ್ತ ತೆಳು ಮಾಡುವ ಗುಳಿಗೆ, ಏನು ನಡೆಯುತ್ತಿದ್ದರೂ ಮುಚ್ಚಿಡದೆ ಹೇಳಿ. ಸಿಬಿಡಿ ಲಿವರ್‌ನಲ್ಲಿ ಬೇರೆ ಔಷಧಿಗಳ ದಾರಿಗೆ ಅಡ್ಡ ಬರುತ್ತದೆ, ವಾರ್ಫರಿನ್ ತಗೊಳ್ಳುವವರಂತೂ ಬಹಳ ಹುಷಾರಾಗಿರಬೇಕು. ಬಸುರಿ, ಬಾಣಂತಿಯರಿಗೆ ಬೇಡವೇ ಬೇಡ. ನುಂಗಿದ್ದು ಕೆಲಸ ಶುರುಮಾಡಲು ಅರ್ಧ ಗಂಟೆಯಿಂದ ಎರಡು ಗಂಟೆ ಹಿಡಿಯಬಹುದು. ಏನೂ ಆಗಲಿಲ್ಲ ಅಂತ ಇನ್ನೊಂದು ಡೋಸ್ ಹಾಕಿಕೊಂಡು ಗಾಡಿ ಹತ್ತಬೇಡಿ. ಒಂದು ಹಳೇ ನೋಟ್‌ಬುಕ್ಕಿನಲ್ಲಿ ದಿನ, ಹೊತ್ತು, ಎಷ್ಟು ಹನಿ, ಯಾವ ವಾಸನೆ, ನಿದ್ದೆ ಹೇಗಿತ್ತು ಅಂತ ಎರಡು ಸಾಲು ಬರೆದಿಡಿ. ಮೂರು ವಾರದ ಮೇಲೆ ವೈದ್ಯರಿಗೆ ಅದನ್ನೇ ತೋರಿಸಿ.

ಕಾಕಾನ ಬಾಟಲಿ ಏನಾಯಿತು ಅಂತೀರಾ? ಕಾಕಾ ಮೊಣಕಾಲು ತೋರಿಸಲು ಮೂಳೆ ಡಾಕ್ಟರ್ ಹತ್ತಿರ ಹೋದರು. ಎಣ್ಣೆ ಇನ್ನೂ ಕೆಟ್ಟಿರಲಿಲ್ಲ, ವಾಪಸ್ಸೂ ತಗೊಳ್ಳಲಿಲ್ಲ. ಅವ್ವ ಅದನ್ನು ಶೇಂಗಾ ಹಿಂಡಿ ಮೇಲೆ ಹಾಕಿ ಬಿಸಿ ಜೋಳದ ರೊಟ್ಟಿ ಜೊತೆ ಬಡಿಸಿದಳು. ಕಾಕಾ ಎರಡು ತುತ್ತು ತಿಂದು, "ಇದಕ್ಕಿಂತ ನಮ್ಮ ಕುಸುಬಿ ಎಣ್ಣಿನೇ ಛಲೋ ಐತಿ ಬಿಡು" ಅಂದರು.